ಹಾಯಿ ಹಾಯುವುದಿಲ್ಲ

ತಾರೀಖು ಹದಿನಾಲ್ಕು, ಭಾನುವಾರ

ನನ್ನ ಮುದ್ದಿನ ಮರಳುಮೂಟೆಗೆ,

ನಗಬೇಡ. ನನ್ನ ಮಗ ಹೋದ ಮೇಲೆ ಈ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದಿಲ್ಲ. ನಿನ್ನನ್ನು ಹೀಗೆ ಕರೆಯುತ್ತಿದ್ದವನು ಅವನೊಬ್ಬನೇ. ಇವತ್ತು ಕಾಗದದ ಮೇಲೆ ಬರೆದು ನೋಡಿದೆ. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಹೋದ ವಾರ ಫೋನಿನಲ್ಲಿ ನೀನು ದೋಣಿಯ ವಿಷಯ ಕೇಳಿದೆ. ದೋಣಿ ಇಟ್ಟಿರುವ ಶೆಡ್ಡಿನವರು ಅಲ್ಲಿ ಅಂಗಡಿಮಳಿಗೆ ಕಟ್ಟುತ್ತಾರೆ, ತಿಂಗಳ ಕೊನೆಗೆ ಜಾಗ ಬಿಡಬೇಕು, ಇನ್ನು ಅದನ್ನು ಎಲ್ಲಿಡುವುದು, ನಿನ್ನ ಊರಿನ ಹತ್ತಿರ ನೀರಿಗೆ ಇಳಿಸುವಂಥ ಜಾಗ ಇದೆಯೇ ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಹಾಲು ಉಕ್ಕಿತು ಅಂತ ಫೋನ್ ಇಟ್ಟುಬಿಟ್ಟೆ. ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಆಗಲೇ ಉತ್ತರ ಕೊಟ್ಟಿದ್ದರೆ "ಇಲ್ಲೇ ಎಲ್ಲಾದ್ರೂ ಇಟ್ಕೋತೀವಿ, ಬಿಡು" ಅಂದುಬಿಡುತ್ತಿದ್ದೆ. ನನಗೆ ಮಾತಿಗಿಂತ ಬರೆಯುವುದೇ ವಾಸಿ. ಓದಿದ್ದು ಏಳನೇ ಕ್ಲಾಸಾದರೂ ದಿನಾ ಒಂದಿಷ್ಟು ಬರೆದಿಡುವ ಅಭ್ಯಾಸ ಇದೆಯಲ್ಲ, ಕೈ ತಾನೇ ಓಡುತ್ತದೆ.

ಇಲ್ಲೇ ಇಟ್ಟುಕೊಳ್ಳಬೇಕು ಅಂತ ನನಗೆ ಯಾಕೆ ಅನ್ನಿಸಿತು, ಮೊದಲು ಅದನ್ನು ಹೇಳುತ್ತೇನೆ. ನಿನ್ನ ಮಾವ ಈಗ ಬೆಳಿಗ್ಗೆ ಎದ್ದ ಕೂಡಲೇ ಪೇಪರ್ ಹಿಡಿದು ಶೆಡ್ಡಿಗೆ ಹೋಗುತ್ತಾರೆ. ಸ್ಟೂಲಿನ ಮೇಲೆ ಕಾಲಿಟ್ಟು, ಟ್ರೈಲರ್ ಮೇಲಿರುವ ದೋಣಿಯನ್ನು ಹತ್ತಿ, ಚುಕ್ಕಾಣಿಯ ಪಕ್ಕ ಅವನು ಕೂರುತ್ತಿದ್ದ ಹಲಗೆಯ ಮೇಲೆ ಕೂತು ಓದುತ್ತಾರೆ. ನಾನು ಹೊಲಿಗೆ ಅಂಗಡಿಯ ಬಾಗಿಲು ತೆಗೆಯಲು ಹೋಗುವಾಗ ಇಣುಕಿ, "ಏನ್ರೀ, ಯಾವ ಊರು ಬಂತು?" ಅನ್ನುತ್ತೇನೆ. "ಇನ್ನೂ ದಡಾನೇ ಬಿಟ್ಟಿಲ್ಲ ಕಣೆ" ಅನ್ನುತ್ತಾರೆ. ಅವನ ವಿಷಯವಾಗಿ ನಾವಿಬ್ಬರೂ ಆಡುವ ಮಾತು ದಿನಕ್ಕೆ ಇಷ್ಟೇ. ದೋಣಿ ಹೋದರೆ ಇದೂ ಹೋಗುತ್ತದಲ್ಲ ಅಂತ ನನಗೆ ಹೆದರಿಕೆ.

ಆದರೆ ಹೋದ ತಿಂಗಳು ಒಂದು ಬೆಳಿಗ್ಗೆ ಅವರೇ ನನ್ನನ್ನು ಕೂಗಿ ಕರೆದರು. ಓದುತ್ತಿದ್ದ ಪೇಪರಿನ ಮೇಲೆ ಬಿಸಿಲಿನ ಸಣ್ಣ ಗೆರೆ ಬಿದ್ದಿತ್ತು. ದೋಣಿಯ ಪಕ್ಕದ ಎರಡು ಹಲಗೆಗಳ ನಡುವಿನಿಂದ ಬೆಳಕು ಒಳಗೆ ಬರುತ್ತಿತ್ತು, ಕಂಕುಳಲ್ಲಿ ಹೊಲಿಗೆ ಬಿಟ್ಟ ಅಂಗಿಯಿಂದ ಮೈ ಕಾಣುವ ಹಾಗೆ. ಎರಡು ವರ್ಷ ನೀರು ಕಾಣದೆ ಮರ ಒಣಗಿ ಬಿಟ್ಟುಕೊಂಡಿದೆ. ನಿನ್ನ ಮಾವ ಆ ಸಂದಿಯಲ್ಲಿ ಉಗುರು ಆಡಿಸಿ, "ಕಾಪಾಡ್ತೀವಿ ಕಾಪಾಡ್ತೀವಿ ಅಂತ ಒಣಗಿಸಿಬಿಟ್ವಲ್ಲೇ ಇದನ್ನ" ಅಂದರು. ಅವತ್ತು ಪೇಪರನ್ನು ಮಡಚಿಟ್ಟು ಮನೆಗೆ ಬಂದರು.

ಈ ದೋಣಿಯ ಹಾಯಿ ಹೊಲಿದದ್ದು ನಿನಗೆ ನೆನಪಿರಬೇಕು. ನೀನು ಈ ಮನೆಗೆ ಬಂದ ಹೊಸತು. ಬಟ್ಟೆ ಅಂಗಡಿಯಲ್ಲಿ ಹಿಡಿಸದೆ ಬಾಗಿಲು ದಾಟಿ ಮೆಟ್ಟಿಲ ಮೇಲೆಲ್ಲ ಹರಡಿತ್ತು. ಸ್ಕೂಲ್ ಯೂನಿಫಾರ್ಮ್ ಅಳತೆ ಕೊಡಲು ಬಂದವರೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಅದನ್ನು ದಾಟುತ್ತ, "ಯಾರ್ದಮ್ಮ ಈ ಅಳತೆ?" ಅಂತ ಕೇಳಿದರು. ಅವನು ಮೆಷಿನ್ನಿನ ಆಚೆ ಕೂತು ಬಟ್ಟೆ ಎಳೆಯುತ್ತಿದ್ದವನು ತಲೆ ಎತ್ತದೆ, "ಗಾಳಿಗೆ ಅಂಗಿ ಹೊಲೀತಿದ್ದೀವಿ" ಅಂದ. ನೇರ ಹೊಲಿಗೆ ಹಾಕಲು ಬಿಡಲೇ ಇಲ್ಲ. "ಅಮ್ಮ, ಅಂಕುಡೊಂಕು ಹೊಲಿ, ಗಾಳಿ ಎಳೆದ್ರೆ ನೂಲು ಹರೀಬಾರ್ದು" ಅಂತ ಕಾಡಿದ. ಮೂವತ್ತು ವರ್ಷ ಹೊಲಿದವಳಿಗೆ ಪಾಠ! ಬೈದುಕೊಂಡೇ ಹೊಲಿದೆ. ಆ ಹೊಲಿಗೆಯಲ್ಲಿ ಒಂದು ಎಳೆ ಕೂಡ ಇವತ್ತಿಗೂ ಬಿಟ್ಟಿಲ್ಲ, ನಿನ್ನೆ ಬಿಚ್ಚಿ ನೋಡಿದೆ.

ಊರ ಹಿಂದಿನ ಕೆರೆಗೆ ಮೊದಲ ಸಲ ದೋಣಿ ಇಳಿಸಿದಾಗ ನೀನು ದಡದಲ್ಲಿ ನನ್ನ ಸೆರಗಿನ ಹಿಂದೆ ನಿಂತಿದ್ದೆ. ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಅವನು ನೀರೊಳಗೆ ಮೊಣಕಾಲವರೆಗೆ ನಿಂತು, "ಬಾರೇ, ಹಸು ಹಾಯುತ್ತೆ, ಹಾಯಿ ಹಾಯಲ್ಲ" ಅಂತ ನಿನಗೆ ಕೈ ಚಾಚಿದ. ನಿನಗಿಂತ ಮೊದಲು ನಿನ್ನ ಮಾವ ಠೀವಿಯಿಂದ ಹತ್ತಿದರು. ಗಾಳಿ ತಿರುಗಿತು, ಹಾಯಿಯ ಕೆಳಗಿನ ಅಡ್ಡಕೋಲು ಗಿರ್ರನೆ ಬಂದು ಅವರ ಹಣೆಗೆ ಬಡಿಯಿತು. "ಹಾಯಲ್ಲ ಅಂದ್ಯಲ್ಲೋ, ಹಾಯ್ತಲ್ಲೋ!" ಅಂತ ಅವರು ಹಣೆ ಹಿಡಿದುಕೊಂಡು ಕೂಗಿದ್ದು ಆಚೆ ದಡಕ್ಕೂ ಕೇಳಿರಬೇಕು. ನೀನು ಈ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿ ತುಂಬ ನಕ್ಕಿದ್ದು ಅವತ್ತು. ಅದುವರೆಗೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆ.

ಆಮೇಲೆ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಗಾಳಿ ಜೋರಾಗಿ ದೋಣಿ ಒಂದು ಕಡೆ ವಾಲಿದರೆ ಇನ್ನೊಂದು ಅಂಚಿನಲ್ಲಿ ಭಾರಕ್ಕೆ ಅಂತ ಬೆನ್ನು ಹೊರಗೆ ಚಾಚಿ ಕೂರುವುದು ನಿನ್ನ ಕೆಲಸ. ಅದಕ್ಕೇ ನೀನು ಮರಳುಮೂಟೆಯಾದೆ. ನಿನಗೆ ಲ್ಯಾಬಿನಲ್ಲಿ ಡ್ಯೂಟಿ ಇದ್ದ ಭಾನುವಾರಗಳಿಗೆ ಅಂತ ನನ್ನ ಕೈಯಲ್ಲಿ ನಿಜವಾದ ಮರಳುಮೂಟೆಯನ್ನೂ ಹೊಲಿಸಿಕೊಂಡ, ನಾಲ್ಕು ಹಿಡಿಕೆ ಇಟ್ಟು. ಸಂಜೆ ಬಂದವನು, "ಇದು ಚೆನ್ನಾಗಿ ಕೂರುತ್ತಮ್ಮ, ಆದ್ರೆ ಮಾತೇ ಆಡಲ್ಲ" ಅಂತ ಮುಖ ಸಪ್ಪೆ ಮಾಡಿದ.

ನೀರು ಅವನಿಗೆ ಏನೂ ಮಾಡಲಿಲ್ಲ. ಮಾಡಿದ್ದು ಜ್ವರ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಆ ದೋಣಿಯ ಮೇಲೆ ಸಿಟ್ಟು ಬರಬಾರದು ಅಂತ.

ಇರಲಿ. ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ನಿನ್ನ ಫೋನ್ ಬಂದ ಮಾರನೇ ದಿನವೇ ಅಂಗಡಿಗೆ ಬೀಗ ಹಾಕಿ ನಾನೂ ನಿನ್ನ ಮಾವನೂ ಬಸ್ಸು ಹತ್ತಿದೆವು. ನಮ್ಮ ಕೆರೆಯ ಆಸೆ ಬಿಡು, ಸುತ್ತ ಮೂರಂತಸ್ತಿನ ಮನೆಗಳೆದ್ದು ಅಲ್ಲೀಗ ಗಾಳಿಯೇ ಇಲ್ಲ. ಮೊದಲು ನೀನು ಹೇಳಿದ್ದ ಸಮುದ್ರದ ಕಡೆಯ ಕ್ಲಬ್ಬಿಗೆ ಹೋದೆವು. ಅಂಗಳದ ತುಂಬ ದೋಣಿಗಳು ಕಂಬ ಎತ್ತಿಕೊಂಡೇ ನಿಂತಿದ್ದವು, ಹಗ್ಗಗಳು ಕಂಬಕ್ಕೆ ಬಡಿದು ಟಿಣ್ ಟಿಣ್ ಅನ್ನುತ್ತಿದ್ದವು. ನೋಡಲು ಚಂದ. ಗೇಟಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ದೋಣಿ ನಿಮ್ದಾ ಅಮ್ಮ?" ಅಂದ. "ದೋಣಿ ಸೊಸೇದು, ಹಾಯಿ ನಂದು" ಅಂದೆ. ಆಮೇಲೆ ಮರ್ಯಾದೆಯಿಂದ ಒಳಗೆಲ್ಲ ತೋರಿಸಿದ. ಆದರೆ ನೀರು ಇಳಿದ ಹೊತ್ತಿನಲ್ಲಿ ಅಲ್ಲಿ ಬರೀ ಕೆಸರು, ಟ್ರೈಲರ್ ಹೂತುಕೊಂಡರೆ ಎಳೆಯುವವರಿಲ್ಲ. ಉಪ್ಪುನೀರು ಟ್ರೈಲರ್ ಚಕ್ರಗಳನ್ನು ಬೇಗ ತಿಂದುಹಾಕುತ್ತದೆ ಅಂತ ಗೇಟಿನವನೇ ಹೇಳಿದ. ಹೊಸದಾಗಿ ಶುರುಮಾಡುವವರಿಗೆ ಬೇಡ.

ಅಣೆಕಟ್ಟಿನ ಹಿನ್ನೀರೇ ಸರಿ. ನಿನ್ನ ಊರಿಗೂ ನಮ್ಮ ಊರಿಗೂ ನಡುವೆ ಬರುತ್ತದೆ. ನೀರಿಗೆ ಇಳಿಸಲು ಒಳ್ಳೆಯ ಸಿಮೆಂಟಿನ ಇಳಿಜಾರು ಇದೆ, ಅಗಲವಾಗಿದೆ. ಬೆಳಿಗ್ಗೆ ನೀರು ಕನ್ನಡಿಯ ಹಾಗಿರುತ್ತದೆ, ಮಧ್ಯಾಹ್ನ ಎರಡು ಗುಡ್ಡಗಳ ನಡುವಿನಿಂದ ಗಾಳಿ ಏಳುತ್ತದೆ, ಸಂಜೆಗೆ ಮತ್ತೆ ಬಿದ್ದುಹೋಗುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ನೀನು ಗಾಳಿ ಇದ್ದಾಗಲೇ ವಾಪಸ್ಸೂ ಬಂದುಬಿಡು. ಗಾಳಿ ನಿಂತರೆ ಮೀಟಲು ಹುಟ್ಟು ಒಯ್ಯುವುದನ್ನು ಮಾತ್ರ ಮರೆಯಬೇಡ.

ಇಡುವುದಕ್ಕೆ ಸಿಕ್ಕಿದ ಜಾಗ ಕೇಳಿದರೆ ನಗುತ್ತೀಯ. ಇಳಿಜಾರಿಗೆ ಹೋಗುವ ದಾರಿಯಲ್ಲಿ ಒಂದು ಗಿಡಗಳ ನರ್ಸರಿ ಇದೆ. ಬಿಸಿಲು ತಡೆಯಲಾರದೆ ಅದರ ಹಸಿರು ಬಲೆಯ ಚಪ್ಪರದ ಕೆಳಗೆ ನಿಂತಿದ್ದೆವು. ಮೇಲಿನ ಪೈಪಿನಿಂದ ತುಂತುರು ನೀರು ಬಿದ್ದು ನಿನ್ನ ಮಾವನ ಕನ್ನಡಕ ಒದ್ದೆಯಾಯಿತು. ಒರೆಸಿಕೊಳ್ಳುತ್ತಿದ್ದವರು ತಟ್ಟನೆ ನಿಲ್ಲಿಸಿ, "ಇಲ್ಲಿ ಮರ ಒಣಗಲ್ಲ ಕಣೆ!" ಅಂದರು. ನೆರಳೂ ಇದೆ, ತೇವವೂ ಇದೆ. ನರ್ಸರಿಯ ಯಜಮಾನಿಗೆ ಮೊದಲು ಅರ್ಥವಾಗಲಿಲ್ಲ. "ದೋಣಿಗೂ ನೀರು ಹಾಕ್ಬೇಕಾ? ಗೊಬ್ಬರಾನೂ ಬೇಕಾ?" ಅಂತ ನಕ್ಕಳು. ಆಮೇಲೆ ಹಿಂದಿನ ಮೂಲೆಯನ್ನು ಬಿಟ್ಟುಕೊಡಲು ಒಪ್ಪಿದಳು.

ಅಲ್ಲಿಡುವಾಗ ಮೂತಿ ಮೇಲಿರುವ ಹಾಗೆ ಟ್ರೈಲರನ್ನು ಎತ್ತಿ ನಿಲ್ಲಿಸಿ, ತಳದ ಬಿರಡೆ ತೆಗೆದಿಡು. ನೀರು ಒಳಗೆ ನಿಂತರೆ ಮರ ಕೊಳೆಯುತ್ತದೆ. ಮೇಲಿನ ಹೊದಿಕೆಯ ಎರಡೂ ತುದಿ ತೆರೆದಿರಲಿ, ಗಾಳಿಯಾಡಬೇಕು. ಮೊದಲ ಸಲ ಇಳಿಸಿದಾಗ ಒಂದಿಷ್ಟು ನೀರು ಒಳಗೆ ಬಂದೇ ಬರುತ್ತದೆ, ಹೆದರಬೇಡ. ದಡಕ್ಕೆ ಕಟ್ಟಿ ಒಂದೆರಡು ದಿನ ಬಿಟ್ಟರೆ ಹಲಗೆ ಉಬ್ಬಿ ಸಂದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನರ್ಸರಿಯ ಮುಂದೆ ಕರೆಂಟಿನ ತಂತಿ ತಗ್ಗಿನಲ್ಲಿದೆ, ಹಾಯಿಯ ಕಂಬವನ್ನು ಇಳಿಜಾರಿಗೆ ಬಂದ ಮೇಲೆಯೇ ಎತ್ತು. ಇದನ್ನು ಮಾತ್ರ ಮರೆಯಲೇಬೇಡ. ಹಾಯಿಯನ್ನು ಅಲ್ಲಿ ಬಿಡಬೇಡ, ಒಣಗಿಸಿ ಮನೆಗೆ ಒಯ್ದು ಸುರುಳಿ ಸುತ್ತಿ ಮಂಚದ ಕೆಳಗಿಡು. ಮಡಚಿದ ಗೆರೆಯಲ್ಲೇ ಮತ್ತೆ ಮತ್ತೆ ಮಡಚಿದರೆ ಎಂಥ ಬಟ್ಟೆಯೂ ಅಲ್ಲಿಯೇ ಹರಿಯುತ್ತದೆ.

ಶೆಡ್ಡಿನ ಪಕ್ಕದ ಮೆಕ್ಯಾನಿಕ್ ಬರುವ ಭಾನುವಾರ ತನ್ನ ಜೀಪಿಗೆ ಟ್ರೈಲರ್ ಕಟ್ಟಿ ನರ್ಸರಿಗೆ ತಂದು ಬಿಡುತ್ತಾನೆ. ಹಗ್ಗ, ಹುಟ್ಟು, ಬಿರಡೆ, ಹಾಯಿ ಎಲ್ಲ ಅದರಲ್ಲಿರುತ್ತವೆ. ಮರಳುಮೂಟೆಯನ್ನು ಮಾತ್ರ ಕಳಿಸುತ್ತಿಲ್ಲ. ಬಿಚ್ಚಿ ಮರಳನ್ನು ಅಂಗಳಕ್ಕೆ ಸುರಿದೆ.

ನಿನ್ನ ಮಾವನ ಗತಿ ಏನು ಅಂತ ಯೋಚಿಸಬೇಡ. ತಿಂಗಳಿಗೊಂದು ಸಲ ಬಸ್ಸು ಹತ್ತಿ ಬಂದು ನರ್ಸರಿಯಲ್ಲೇ ಕೂತು ಪೇಪರ್ ಓದುತ್ತಾರಂತೆ. "ಒದ್ದೆಯಾಗಲ್ವೇನ್ರೀ?" ಅಂದೆ. "ಆಗ್ಲಿ ಬಿಡೇ, ನಾನೂ ಒಣಗಿ ಬಹಳ ದಿನ ಆಯ್ತು" ಅಂದರು.

ಊಟ ತಪ್ಪಿಸಬೇಡ. ಲ್ಯಾಬಿನಲ್ಲಿ ನಿಂತೇ ಕೆಲಸ ಮಾಡಬೇಡ, ಕಾಲು ಬಾತುಕೊಳ್ಳುತ್ತದೆ.

ಎಲ್ಲಿದ್ದರೂ ನಿನ್ನ ಒಳ್ಳೆಯದನ್ನೇ ಬಯಸುವ
ನಿನ್ನ ಅತ್ತೆ

ತಾ.ಕ.: ಮರಳುಮೂಟೆ ಯಾಕೆ ಕಳಿಸಲಿಲ್ಲ ಅಂದರೆ, ಅವತ್ತು ನೀನು ಫೋನಿನಲ್ಲಿ "ನಮಗೆ ಯಾವ್ದು ಹತ್ರ ಆಗುತ್ತೆ ಅತ್ತೆ?" ಅಂದೆ. ಅಂದ ಮೇಲೆ ಕೆಮ್ಮಿ, "ಅಲ್ಲ, ನನಗೆ" ಅಂದೆ. ಹಳೇ ಅಭ್ಯಾಸ, ನನ್ನ ಮಗನನ್ನೂ ಸೇರಿಸಿ ಹೇಳಿದ್ದೀಯ ಅಂತ ನಾನು ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಹಿಂದಿನಿಂದ ಒಂದು ಗಂಡುದನಿ, "ಹಾಲು ಉಕ್ತಾ ಇದೆ, ನಾನ್ ನೋಡ್ಕೋತೀನಿ, ನೀನು ಮಾತಾಡು" ಅಂತು. ಆದರೂ ನೀನು ಗಾಬರಿಯಿಂದ ಫೋನ್ ಇಟ್ಟೆ. ಇಡಬೇಕಾಗಿರಲಿಲ್ಲ ಮಗಳೇ. ಹೆಂಗಸು ಮಾತಾಡುತ್ತಿರಲಿ ಅಂತ ಹಾಲು ಕಾಯುವವನು ದೋಣಿಯ ಅಂಚಿನಲ್ಲೂ ಸರಿಯಾಗಿ ಕೂರುತ್ತಾನೆ. ಆ ದನಿಯವರು ನನ್ನನ್ನು ಏನಂತ ಕರೆಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಡ. ಅತ್ತೆ ಅಂತಲೇ ಕರೆಯಲಿ. ಸೊಸೆಗೂ ಅದೇ ಮಾತು, ಅಳಿಯನಿಗೂ ಅದೇ ಮಾತು. ನನ್ನ ಮಗನ ಲೈಫ್ ಜಾಕೆಟ್ ನನ್ನ ಹತ್ತಿರವೇ ಇದೆ. ಪಕ್ಕದ ಪಟ್ಟಿಗಳಲ್ಲಿ ಒಳಗೆ ಮಡಚಿದ ಬಟ್ಟೆ ಧಾರಾಳವಾಗಿದೆ, ಬಿಚ್ಚಿ ಹೊಲಿಯಬಹುದು. ಭಾನುವಾರಕ್ಕೆ ಮೊದಲು ಅವರ ಎದೆಯ ಸುತ್ತಳತೆ ತಿಳಿಸು.