ಅಪ್ಪ ಹಾಕಿ ನೋಡಿದ ಮೂರು ಹೆಡ್‌ಫೋನು

ತಾಳಮಲೆ
16-11-2024, ಶನಿವಾರ

ನನ್ನ ಮುದ್ದು ಕೂಸು ರಂಜಿತಾಗೆ,

ನಿಮ್ಮಪ್ಪನ ಆಶೀರ್ವಾದ. ಎಂಗಿದ್ದೀಯವ್ವಾ? ಕಾಲುನೋವು ಕಮ್ಮಿ ಆಯ್ತಾ? ನರ್ಸ್ ಕೆಲಸ ಅಂತ ರಾತ್ರಿಯೆಲ್ಲಾ ವಾರ್ಡಲ್ಲಿ ನಿಂತೇ ಇರಬ್ಯಾಡ, ರೋಗಿಗಳು ಮಲಗಿದ ಮ್ಯಾಲಾದ್ರೂ ಒಂದ್ ಗಳಿಗೆ ಕೂತ್ಕೊ. ಹಾಸ್ಟೆಲ್ ಸಾಂಬಾರು ಇನ್ನೂ ನೀರ್ ನೀರಾಗೇ ಅದಾ? ನಾವು ಚೆನ್ನಾಗಿದ್ದೀವಿ. ನಿಮ್ಮವ್ವ ರಾಗಿ ಕುಯ್ಲಿಗೆ ಹೋಗ್ತಾವ್ಳೆ. ಸಂಜೆ ಬಂದು ಸೊಂಟ ಹಿಡ್ಕೊಂಡು ನಂಗೇ ಬಯ್ತಾಳೆ, ಸೊಂಟ ನಾನೇ ಮುರಿದಂಗೆ.

ನೀನು ಒಪ್ಪಿಸಿದ ಕೆಲಸಕ್ಕೆ ಬತ್ತೀನಿ. "ಹಗಲೊತ್ತು ಮಲಗೋಕೆ ಪಕ್ಕದ ಲೇತ್ ಶೆಡ್ಡು ಬುಡಲ್ಲ, ತಕ್ಕಂಡ್ರೆ ಒಳ್ಳೇ ಹೆಡ್‌ಫೋನೇ ತಕ್ಕಬೇಕು, ನಂಗೆ ಲೀವಿಲ್ಲ, ಸತ್ಯಮಂಗಲಕ್ಕೆ ಹೋದಾಗ ನಾನು ಆರಿಸಿಟ್ಟಿರೋ ಮೂರನ್ನೂ ನೀನೇ ಹಾಕಿ ನೋಡು" ಅಂತ ನೀನು ಅಂದಿದ್ದೆ. "ಇಪ್ಪತ್ತೆರಡು ವರ್ಷ ಕಾಡಲ್ಲಿ ವಾಚರ್ ಆಗಿರೋ ಕಿವಿ ಕಣಪ್ಪ ನಿಂದು, ನೀನ್ ಹೇಳಿದ್ದೇ ತಕ್ಕತೀನಿ" ಅಂತ ಬೇರೆ ಅಂದ್ಬುಟ್ಟೆ. ನಾನು ಬೀಗಿದ್ದೇ ಬೀಗಿದ್ದು. ನನ್ ಜೊತೆ ಗಸ್ತು ತಿರುಗೋ ಪುಟ್ಟಮಾದನಿಗೂ ಹೇಳ್ಕೊಂಡೆ. "ಇನ್ಮ್ಯಾಲೆ ಕಂಪ್ನಿಯೋರೇ ನಿನ್ನ ಕರೀತಾರೆ ಬುಡಣ್ಣೋ" ಅಂತ ನಕ್ಕ.

ಗುರುವಾರ ಹೋಗಿದ್ದೆ. ಬಸ್ ಸ್ಟಾಂಡ್ ಎದುರಿನ ಅಂಗಡೀಲಿ ಸೆಲ್ವಿ ಅಂತ ಒಂದು ಹುಡುಗಿ, ನಿನ್ನ ವಯಸ್ಸೇ ಇರಬೇಕು. ಮೊದಲು ಕರೀದು ಹಾಕ್ಕೊಂಡೆ. ಅಬ್ಬಬ್ಬಾ, ಇಡೀ ಬಸ್ ಸ್ಟಾಂಡೇ ಬಾಯಿ ಮುಚ್ಕೊಂತು ಕಣವ್ವಾ! ಆದ್ರೆ ಹತ್ತು ನಿಮಿಷಕ್ಕೇ ಕಿವಿ ಹಿಂಡಿದಂಗಾಯ್ತು. ಬಿಳೀದು ಹಗೂರ, ತಲೆ ಮ್ಯಾಲೆ ಇರೋದೇ ಗೊತ್ತಾಗಲ್ಲ. ಆದ್ರೆ ಅದು ಎಂಜಿನ್ ಸದ್ದು ನಿಲ್ಲುಸ್ತದೆ, ಜನರ ಮಾತು ಒಳಕ್ಕೆ ಬುಡ್ತದೆ. ಲೇತಿಗೆ ಅದು ಸಾಕು, ನಿನ್ನ ರೂಮಿನ ಮಾಲಿನಿ ಫೋನ್ ಹಿಡಿದು ಕೂತ್ರೆ ಏನ್ ಮಾಡ್ತೀಯ? ಬೂದು ಬಣ್ಣದ್ದು ಒಂಚೂರು ಭಾರ, ಆದ್ರೆ ಕಿವಿಗೆ ಮೆತ್ತಗೆ ಕೂರ್ತದೆ, ಲೇತೂ ನಿಲ್ತದೆ ಮಾಲಿನೀನೂ ನಿಲ್ತಾಳೆ. ಮಗ್ಗುಲಾಗಿ ಮಲಗಿದ್ರೆ ಮೂರೂ ಒತ್ತುತ್ತವೆ, ಅದೊಂದು ನೆಪ್ಪಿರಲಿ. ಇನ್ನು ಅಂಗಾತ ಮಲಗೋದು ಕಲ್ತ್ಕೊ.

ಬೂದು ಬಣ್ಣದ್ದರಲ್ಲಿ ಒಂದು ಬಟನ್ ಅದೆ. ಒತ್ತಿದ್ರೆ ಹೊರಗಿನ ಸದ್ದನ್ನ ಜೋರು ಮಾಡಿ ಒಳಕ್ಕೆ ಬುಡ್ತದೆ, ಯಾರಾದ್ರೂ ಕರೆದ್ರೆ ಹೆಡ್‌ಫೋನ್ ತೆಗೀದೇ ಮಾತಾಡ್ಬಹುದು. ಸೆಲ್ವಿ ಅದನ್ನ ಒತ್ತಿ ತೋರ್ಸಿದ್ಲು. ಟಿಕ್ ಟಿಕ್ ಟಿಕ್ ಅಂತ ಶುರುವಾಯ್ತು. ಇದು ಕೆಟ್ಟೋಗದೆ, ಬೇರೆ ಕೊಡಮ್ಮ ಅಂದೆ. ಪಾಪ ಬೇರೆ ಡಬ್ಬ ಬಿಚ್ಚಿದ್ಲು, ಅದೂ ಟಿಕ್ ಟಿಕ್. ನಂಗೆ ಕ್ವಾಪ ಬಂತು. ಬೆಟ್ಟದಿಂದ ಬಂದೋನು ಅಂತ ಕೆಟ್ಟ ಮಾಲು ತಲೆಗೆ ಕಟ್ತೀಯಾ ಅಂತ ಅಂಗಡಿಯೆಲ್ಲಾ ತಿರುಗಿ ನೋಡೋ ಅಂಗೆ ಕೂಗಾಡ್ದೆ. ಅವಳು ಮೆಲ್ಲಗೆ "ಅಣ್ಣಾ, ಮೇಲೆ ಪಾರುಂಗ" ಅಂತ ಸೂರಿನ ಕಡೆ ಬೆರಳು ತೋರ್ಸಿದ್ಲು. ಹಳೇ ಫ್ಯಾನು. ಸುತ್ತಿಗೊಂದು ಸಲ ಟಿಕ್ ಅಂತಿತ್ತು. ಹೆಡ್‌ಫೋನ್ ತೆಗ್ದೆ, ಫ್ಯಾನ್ ತಿರುಗ್ತಾ ಅದೆ, ಸದ್ದಿಲ್ಲ. ಹಾಕ್ಕೊಂಡೆ, ಸದ್ದು ಅದೆ. ಮೂರು ನಾಕು ಸಲ ಅಂಗೇ ಮಾಡ್ದೆ. ಅಂಗಡಿಯೋರಿಗೆಲ್ಲಾ ಬೆಳಗ್ಗಿಂದ ಕೇಳ್ತಿದ್ದ ಸದ್ದು ನಂಗೊಬ್ಬಂಗೇ ಕೇಳ್ತಿರಲಿಲ್ಲ. ಆ ಹುಡುಗಿ ಕುಡಿಯೋಕೆ ನೀರು ಕೊಟ್ಲು. ಕೂಗಾಡಿದ್ದಕ್ಕೆ ನಾಚಿಕೆ ಆಯ್ತು. ಹೊರಗೆ ಬಂದ ಮ್ಯಾಲೆ ಭಯ ಆಯ್ತು.

ನಿನ್ ಹತ್ರ ಮುಚ್ಚಿಟ್ಟು ಏನ್ ಮಾಡ್ಲಿ. ಹೋದ ತಿಂಗಳು ಬಿದಿರು ಮೆಳೆ ಹತ್ರ ಪುಟ್ಟಮಾದ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದ ಅಂತ ಹೇಳಿದ್ನಲ್ಲ, ಏನೋ ಯೋಚ್ನೇಲಿದ್ದೆ ಅಂದಿದ್ನಲ್ಲ, ಅದು ಸುಳ್ಳು. ಬಿದಿರು ಮುರಿಯೋ ಸದ್ದು ಅವನಿಗೆ ಕೇಳ್ತು, ನಂಗೆ ಕೇಳಲಿಲ್ಲ. ಹತ್ತು ಮಾರು ದೂರದಲ್ಲಿ ಮರಿ ಕಟ್ಕೊಂಡ ಆನೆ ನಿಂತಿತ್ತು. ನಮ್ಮ ಗಸ್ತಲ್ಲಿ ಯಾರೂ ಮಾತಾಡಂಗಿಲ್ಲ, ಮುಂದೆ ನಡಿಯೋನು ಕೈ ಎತ್ತಿದ್ರೆ ಎಲ್ಲಾ ನಿಲ್ಲಬೇಕು. ಅವನ ಕಿವಿ ನಂಬ್ಕೊಂಡೇ ಹಿಂದಿನ ಐದು ಜನ ಹೆಜ್ಜೆ ಇಡೋದು. ಹದಿನೆಂಟು ವರ್ಷದಿಂದ ಆ ಮುಂದಿನ ಜಾಗ ನಂದು. ಬಿಟ್ಟು ಕೊಡೋಕೆ ಹೊಟ್ಟೆ ಉರೀತದೆ ಮಗಾ. ನಿನ್ನ ಫೋನ್ ಬಂದಾಗೆಲ್ಲಾ ಟವರ್ ಸರಿಯಿಲ್ಲ ಅಂತಿದ್ನಲ್ಲ, ಟವರ್ ಸರಿಯಾಗೇ ಅದೆ. ಅದಕ್ಕೇ ಈ ಕಾಗದ.

ನೀನು ಬೂದು ಬಣ್ಣದ್ದೇ ತಕ್ಕೊ. ಹಿಂದೂ ಮುಂದೂ ನೋಡಬ್ಯಾಡ, ಚೆನ್ನಾಗಿ ನಿದ್ದೆ ಮಾಡು. ಮಾಲಿನಿಗೂ ಕೇಳ್ದೆ ಅಂತ ಹೇಳು. ನಿಮ್ಮವ್ವ ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿ ಇಟ್ಟವ್ಳೆ. ಮಾದೇಶ್ವರ ನಿನ್ನ ಕಾಪಾಡಲಿ.

ನಿಮ್ಮಪ್ಪ,
ಜಡೇಸ್ವಾಮಿ

ಮತ್ತೆ: ನಿನ್ನೆ ಕಾಗದ ಮಡಚಿ ಇಟ್ಟಿದ್ದೆ, ಇವತ್ತು ಭಾನುವಾರ ಬಿಚ್ಚಿ ಬರೀತಾ ಇವ್ನಿ. ಇವತ್ತು ಬೆಳಗ್ಗೆ ರೇಂಜರ್ ಸಾರ್‌ಗೆ ಹೇಳ್ಬುಟ್ಟೆ, ನನ್ನ ಮುಂದೆ ಬುಡಬ್ಯಾಡಿ ಅಂತ. ಪುಟ್ಟಮಾದ ಮುಂದೆ ನಡೆದ, ನಾನು ಕಡೇಲಿ ಬಂದೆ. 29ನೇ ತಾರೀಕು ಶುಕ್ರವಾರ ನೀನಿರೋ ಕೊಯಮತ್ತೂರಿಗೇ ಕಿವಿ ಡಾಕ್ಟ್ರ ಹತ್ರ ಬತ್ತೀನಿ. ಎಂಗಾದ್ರೂ ಅರ್ಧ ದಿನ ಲೀವು ಹಾಕಿ ನನ್ ಪಕ್ಕ ಕೂತ್ಕೊ. ಅವರು ಮಿಶನ್ ಹಾಕಿ ಕೇಳ್ತದಾ ಅಂದ್ರೆ, ಕೇಳದೇ ಇದ್ರೂ ನಾನು ಹ್ಞೂಂ ಅಂತ ತಲೆ ಆಡಿಸ್ಬುಡ್ತೀನಿ. ಆಗ ನೀನು, ಇಲ್ಲ ಸಾರ್, ನಮ್ಮಪ್ಪಂಗೆ ಕೇಳ್ತಾ ಇಲ್ಲ ಅಂತ ಹೇಳ್ಬೇಕು ಕಣವ್ವಾ.