ಕೆರೆಗೆ ಬಿಟ್ಟ ಮರ

ಮಾನ್ಮತ್ ಜಂಕ್ಷನ್
ಜನವರಿ ೧೮, ೨೦೨೬, ಭಾನುವಾರ

ಪ್ರೀತಿಯ ಮಗ ಹರ್ಷನಿಗೆ,

ಹೇಗಿದ್ದೀಯಪ್ಪಾ? ಮಂಡ್ಯದ ಬೆಳಗಿನ ಚಳಿ ನಿನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ, ಮೂಗು ಕಟ್ಟಿದರೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ. ಎದುರುಮನೆ ಚನ್ನಮ್ಮ ಮುದ್ದೆ, ಸಾರು ಕಳಿಸುತ್ತಾಳಂತೆ, ಬೇಡ ಅನ್ನಬೇಡ. ಬೇಡ ಅಂದರೆ ಇಡೀ ಬೀದಿಗೆ ಹೇಳಿಕೊಂಡು ಬರುತ್ತಾಳೆ. ಸಂಪಿನ ವಾಲ್ವ್ ಪೂರ್ತಿ ತಿರುಗಿಸಬೇಡ, ಅದರ ತಲೆ ಕೈಗೇ ಬರುತ್ತದೆ. ನಾನು ಚೆನ್ನಾಗಿದ್ದೇನೆ. ಇಲ್ಲಿಯ ಚಳಿಗೆ ಬೆರಳುಗಳು ಮಾತ್ರ ನನ್ನವಲ್ಲ ಅನ್ನಿಸುತ್ತವೆ, ಅಷ್ಟೇ.

ದಿನಾ ವಿಡಿಯೋದಲ್ಲಿ ನೋಡುವವನಿಗೆ ಅಪ್ಪ ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದು ನೀನು ನಗಬಹುದು. ವಿಡಿಯೋದಲ್ಲಿ ನಾವೆಲ್ಲ ನಗುತ್ತೇವೆ ಮಗಾ, ಅದಕ್ಕೇ. ಪಾಸ್‌ಪೋರ್ಟಿಗೆ ವೀಸಾ ಸ್ಟ್ಯಾಂಪ್ ಹಾಕಿಸಿಕೊಂಡು ಎರಡು ವಾರದಲ್ಲಿ ಬಂದುಬಿಡುತ್ತೇನೆ ಎಂದು ನೀನು ಊರಿಗೆ ಹೋದೆ. ಅಷ್ಟು ದಿನ ಬಿಂದುಗೂ ನಿನ್ನ ಮಗಳು ಗಗನಾಗೂ ಜೊತೆಗಿರಲಿ ಎಂದು ನನ್ನನ್ನು ಇಲ್ಲಿ ಬಿಟ್ಟೆ. ವೀಸಾದ ಇಂಟರ್‌ವ್ಯೂ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಈಗ ಜುಲೈ ಅನ್ನುತ್ತಿದ್ದಾರೆ. ನನ್ನ ಮನೆಯಲ್ಲಿ ನೀನು, ನಿನ್ನ ಮನೆಯಲ್ಲಿ ನಾನು. ಪ್ರತಿ ಸಲವೂ ನೀನು "ಕಾಯೋಣ" ಅನ್ನುತ್ತೀಯ, ಬಿಂದು "ಕಾಯೋಣ ಬಿಡಿ" ಅನ್ನುತ್ತಾಳೆ, ನಾನು ತಲೆಯಾಡಿಸುತ್ತೇನೆ. ಫೋನ್ ಇಟ್ಟಮೇಲೆ ಯಾರೂ ಅಳುವುದಿಲ್ಲ. ಬಿಂದು ಪಾತ್ರೆ ತೊಳೆಯುತ್ತಾಳೆ, ನಾನು ಬಟ್ಟೆ ಮಡಚುತ್ತೇನೆ, ಹೀಟರ್ ಬುಸ್ ಎನ್ನುತ್ತಿರುತ್ತದೆ.

ನಿನ್ನೆ ನಿನ್ನ ಬದಲಿಗೆ ಕೆರೆಗೆ ಹೋಗಿ ಬಂದೆ. ನಿನ್ನ ಗಾಳದ ಗೆಳೆಯ ಪೀರ್ ಅಹ್ಮದ್ ಬಂದು, "ಅಂಕಲ್, ಮೀನಿನ ಕ್ಲಬ್‌ನೋರು ಮರ ಮುಳುಗಿಸೋ ಕೆಲಸಕ್ಕೆ ಹರ್ಷನ ಹೆಸರು ಹಾಕ್ಕೊಂಡುಬಿಟ್ಟಿದಾರೆ. ನೀವು ಬರ್ತೀರಾ? ಇಲ್ಲಾಂದ್ರೆ ನಾನೊಬ್ನೇ ಆ ಮುದುಕರ ಕೈಗೆ ಸಿಕ್ಕಿ ಸಾಯ್ತೀನಿ" ಎಂದ. ನಾನೇನು ಹುಡುಗನೇನಪ್ಪಾ ಅಂದೆ. ಆದರೂ ಹೊರಟೆ, ಮನೆಯಲ್ಲಿ ಕೂತು ಏನು ಮಾಡಲಿ. ಕ್ರಿಸ್‌ಮಸ್ ಮುಗಿದ ಮೇಲೆ ಜನ ರಸ್ತೆ ಬದಿಗೆ ಎಸೆದ ಮರಗಳನ್ನೆಲ್ಲ ಟ್ರಕ್ಕಿನಲ್ಲಿ ತಂದು ರಾಶಿ ಹಾಕಿದ್ದರು. ಒಂದೊಂದರ ಬುಡಕ್ಕೂ ಸಿಮೆಂಟ್ ಬ್ಲಾಕ್ ಕಟ್ಟಿ, ದೋಣಿಯಲ್ಲಿ ಒಯ್ದು ಆಳದಲ್ಲಿ ಬಿಡುವುದು. ಮರ ತಳದಲ್ಲಿ ನೆಟ್ಟಗೆ ನಿಲ್ಲುತ್ತದಂತೆ, ಕೊಂಬೆಯ ಮೇಲೆ ಪಾಚಿ ಕಟ್ಟುತ್ತದಂತೆ, ಪಾಚಿಗೆ ಮರಿಮೀನು, ಮರಿಮೀನು ತಿನ್ನಲು ನಿನ್ನ ಇಷ್ಟದ ಕ್ರಾಪಿ ಮೀನು. ಡಿಪೋದಲ್ಲಿ ಬಸ್ಸಿನ ಮೇಲೆ ಲಗೇಜು ಕಟ್ಟಿದ ಕೈ ನನ್ನದು, ಗಂಟು ಹಾಕುವ ಕೆಲಸ ನನಗೇ ಕೊಟ್ಟರು. ಗ್ಲೌಸ್ ಹಾಕಿಕೊಂಡರೆ ಗಂಟು ಬೀಳುವುದಿಲ್ಲ, ತೆಗೆದರೆ ಬೆರಳು ಕೇಳುವುದಿಲ್ಲ.

ದಡದಲ್ಲಿ ತೆಳ್ಳಗೆ ಐಸ್ ಕಟ್ಟಿತ್ತು, ಹುಟ್ಟಿನಿಂದ ಒಡೆದುಕೊಂಡು ದೋಣಿ ಬಿಟ್ಟರು. ಮೊದಲನೆಯ ಮರ ನೀರಿಗೆ ಇಳಿದಾಗ ನನ್ನ ಕೈ ತಾನಾಗಿ ಮುಗಿಯಿತು, ಬಾಯಲ್ಲಿ ಗಣಪತಿಗೆ ಹಾಕುವ ಜೈಕಾರ ಬಂದೇಬಿಟ್ಟಿತು. ಏನು ಮಾಡಲಿ, ನೀರಿಗೆ ಏನಾದರೂ ಬಿಟ್ಟರೆ ನಮಗೆ ಗೊತ್ತಿರುವುದು ಅದೊಂದೇ. ಕ್ಲಬ್ಬಿನ ಯಜಮಾನಿ ಮಾರ್ಗರೆಟ್ ಏನೆಂದು ಕೇಳಿದರು. ಪೀರ್ ಗಂಭೀರವಾಗಿ ವಿವರಿಸಿದ, ಗಣಪತಿ ಬಿಡುವುದರ ಬಗ್ಗೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು, ಮೈಸೂರಿನವನಲ್ಲವೇ. ಆಮೇಲೆ ನೋಡು, ಪ್ರತಿ ಮರಕ್ಕೂ "ವೇಟ್, ವೇಟ್ ಫಾರ್ ಅಂಕಲ್" ಎಂದು ಆಯಮ್ಮ ಎಲ್ಲರನ್ನೂ ತಡೆದು ನಿಲ್ಲಿಸುವುದು, ನಾನು ಕೈ ಮುಗಿಯುವುದು, ಆಮೇಲೆ ಅವರು ತಳ್ಳುವುದು. ಪೀರ್ ನಕ್ಕು ನಕ್ಕು ದೋಣಿ ಅಲ್ಲಾಡಿತು. ನಾನೂ ನಕ್ಕಿರಬೇಕು, ಮುಖ ಮರಗಟ್ಟಿದ್ದರಿಂದ ನನಗೆ ತಿಳಿಯಲಿಲ್ಲ.

ಕೊನೆಯ ಮರ ನಮ್ಮ ಮನೆಯದು. ಅಪ್ಪ ಬರುವವರೆಗೂ ತೆಗೆಯಬಾರದು ಎಂದು ಗಗನಾ ಹಾಲ್‌ನಲ್ಲಿ ನಿಲ್ಲಿಸಿಕೊಂಡಿದ್ದಳಲ್ಲ, ಅದು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲವನ್ನು ಮೊದಲು ಅದರ ಬುಡದಲ್ಲಿ, ನಿನ್ನ ಹೆಸರಿನ ಗಿಫ್ಟಿನ ಪಕ್ಕ ಇಟ್ಟಿದ್ದಳು. ಸೂಜಿಯಂಥ ಎಲೆಯೆಲ್ಲ ಉದುರಿದರೂ ದಿನಾ ಲೋಟದಲ್ಲಿ ನೀರು ಹಾಕುತ್ತಿದ್ದಳು, ಬಿಂದು ಅದರ ಸುತ್ತ ವ್ಯಾಕ್ಯೂಮ್ ಮಾಡುತ್ತಿದ್ದಳು. ಶುಕ್ರವಾರ ಸ್ಕೂಲಿನಿಂದ ಬಂದು, ನಾನು ಹಗ್ಗ ಹೊಂದಿಸುವುದನ್ನು ನೋಡಿ, "ತಾತಾ, ಟೇಕ್ ದಿಸ್ ಒನ್ ಟೂ" ಎಂದಳು. "ಅಪ್ಪ ಬರೋವರ್ಗೂ ಅಂದಿದ್ದೆಯಲ್ಲೇ ಪುಟ್ಟಾ?" ಎಂದೆ. "ಇಟ್ಸ್ ಓಕೆ. ದ ಫಿಶ್ ಕ್ಯಾನ್ ಯೂಸ್ ಇಟ್" ಎಂದು ತಾನೇ ಸ್ಟೂಲು ಹತ್ತಿ, ಅಲಂಕಾರದ ಬಣ್ಣದ ಗುಂಡುಗಳನ್ನು ಬಿಚ್ಚಿ ಡಬ್ಬಿಗೆ ಹಾಕಿದಳು. ನಿನ್ನ ಗಿಫ್ಟನ್ನು ಕ್ಲಾಸೆಟ್ಟಿನಲ್ಲಿ ಚಳಿಗಾಲದ ಬೂಟುಗಳ ಹಿಂದೆ ತಳ್ಳಿದಳು. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು ಹರ್ಷಾ, ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆ. ಅವಳು ಅಳಲಿಲ್ಲ. ಕೈ ತೊಳೆದುಕೊಂಡು ಹೋಮ್‌ವರ್ಕಿಗೆ ಕೂತಳು. ಬಿಂದು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇದ್ದಳು.

ಆ ಮರವನ್ನು ನೀರಿಗೆ ಬಿಡುವಾಗ ನನಗೆ ಕೈ ಮುಗಿಯಬೇಕು ಅನ್ನಿಸಲಿಲ್ಲ. ಮಾರ್ಗರೆಟ್ ಸ್ವಲ್ಪ ಹೊತ್ತು ಕಾದು, ನನ್ನ ಮುಖ ನೋಡಿ, ಸುಮ್ಮನೆ ತಳ್ಳಿದರು.

ಆಮೇಲೆ ಪೀರ್ ನಿನ್ನದೇ ಗಾಳದ ಕೋಲು ನನ್ನ ಕೈಗೆ ಕೊಟ್ಟು, ಹೋದ ವರ್ಷ ನೀವಿಬ್ಬರೂ ಮರ ಮುಳುಗಿಸಿದ ಕಡೆಗೆ ಕರೆದುಕೊಂಡು ಹೋದ. ಚಳಿಗಾಲದಲ್ಲಿ ಇದು ಕಚ್ಚಿದ್ದೇ ಗೊತ್ತಾಗಲ್ಲ ಅಂಕಲ್, ದಾರ ಸಡಿಲವಾದ್ರೆ ಮೆಲ್ಲಗೆ ಎತ್ತಿ, ಜಗ್ಗಿದ್ರೆ ಬಾಯೇ ಹರಿದುಹೋಗುತ್ತೆ ಎಂದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೂರು ಸಿಕ್ಕವು, ಅಂಗೈ ಅಗಲ, ಮೈತುಂಬ ಕಪ್ಪು ಚುಕ್ಕೆ. ಮನೆಗೆ ತಂದು ಖಾರ ಹಚ್ಚಿ ಹುರಿದೆವು. ಮುಳ್ಳು ಬಿಡಿಸಿಕೊಟ್ಟರೆ ಗಗನಾ ತಿಂದಳು. ರುಚಿ ಹೇಗಿತ್ತೆಂದು ನೀನು ಕೇಳುತ್ತೀಯ, ನನಗೆ ನೆನಪಿಲ್ಲ.

ಪೀರ್ ನಾಳೆ ಮೈಸೂರಿಗೆ ಹೊರಟಿದ್ದಾನೆ. ದಾರಿಯಲ್ಲಿ ಮಂಡ್ಯದಲ್ಲಿ ಇಳಿದು ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಅವನಿಗೆ ಊಟ ಹಾಕಿ ಕಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಕಂಪನಿಯವರ ಮೀಟಿಂಗೆಂದು ನಿದ್ದೆಗೆಡಬೇಡ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೋ.

ಇಂತಿ,
ನಿನ್ನ ಅಪ್ಪ

ವಿ.ಸೂ.: ಪೀರ್‌ನ ಕಾರು ಬಾಗಿಲಿಗೆ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಬಿಂದು, "ಮಾವಾ, ಗಗನಾ ಕಾಯೋದು ಬಿಟ್ಟುಬಿಟ್ಟಳು. ನಾವೇ ಹೋಗ್ಬಿಡೋಣ" ಎಂದು ಮೂವರಿಗೂ ಟಿಕೆಟ್ ಮಾಡಿಸಿದಳು. ಬಾಡಿಗೆ ಮನೆಯ ಲೀಸ್ ಮುಂದುವರಿಸುವುದಿಲ್ಲವಂತೆ. ದಿನದ ಆತುರದಲ್ಲಿ ಬೇಡವೆಂದು, ಬರುವ ಭಾನುವಾರ ವಿಡಿಯೋದಲ್ಲಿ ನಿನಗೆ ಹೇಳುತ್ತಾಳೆ. ಆಗ ಸ್ಕೂಲು, ಕೆಲಸ, ಜುಲೈ ಎಂದು ಶುರುಮಾಡಬೇಡ. ಬನ್ನಿ ಎಂದುಬಿಡು. ಮಗು ಪಕ್ಕದಲ್ಲೇ ಕೂತಿರುತ್ತಾಳೆ, ಅವಳಿಗೆ ಕೇಳಿಸುವ ಹಾಗೆ ಹೇಳು.