ಭಾನುವಾರದ ಮೈಕು

ಬುಧವಾರ, ಮಧ್ಯಾಹ್ನ

ಅಮ್ಮನ ಮುದ್ದಿನ ಮಗಳಿಗೆ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಸಂಸ್ಕೃತಿ ಕೇಂದ್ರದವರು ಅಮ್ಮನಿಗೆ ಕಳಿಸಿದ ಶಾಲು ಬಂತು. ಅಂಚು ಆಗಲೇ ಬಿಚ್ಚಿಕೊಂಡಿತ್ತು. ಮಡಿಸಿ ಹೊಲಿದು ಹೊದಿಸಿದ್ದೇನೆ.

ಅಮ್ಮನ ಹಾಡು, ಕಥೆ ರೆಕಾರ್ಡ್ ಮಾಡಲು ಈ ಭಾನುವಾರ ಮೈಕು ತರಬೇಡ. ಅಮ್ಮನಿಗೆ ಆಯಾಸ ಎಂದು ಸುಳ್ಳು ಹೇಳಬಹುದಿತ್ತು. ಆಯಾಸವೂ ಇಲ್ಲ, ಮಣ್ಣೂ ಇಲ್ಲ, ನನಗೆ ಹೊಟ್ಟೆಕಿಚ್ಚು. ಉಣ್ಣಿಸುವವಳು, ಸ್ನಾನ ಮಾಡಿಸುವವಳು, ಉಗುರು ಕತ್ತರಿಸುವವಳು ನಾನು. ನನ್ನ ಹತ್ತಿರ ಅಮ್ಮ ನಮ್ಮ ಭಾಷೆಯಲ್ಲಿ ಆಡುವುದು ನೀರು ಸುಡುತ್ತಿದೆ, ಉಪ್ಪು ಸಾಲದು, ಇಷ್ಟೇ. ನೀನು ಬಂದು ಕಿವಿಗೆ ಆ ಹೆಡ್‌ಫೋನು ಸಿಕ್ಕಿಸಿಕೊಂಡರೆ ಸಾಕು, ನಾನು ಹುಟ್ಟಿದಾಗಿನಿಂದ ಕೇಳದ ಕಥೆಗಳೆಲ್ಲ ಹೊರಗೆ ಬರುತ್ತವೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ.

ಹೋದ ವಾರ ಅವಳು ನದಿಯ ಹಾಡು ಎತ್ತಿಕೊಂಡಾಗ ನಾನೂ ಬಾಗಿಲಿಗೆ ಬಂದು ನಿಂತೆ. ನೀನು ತುಟಿಗೆ ಬೆರಳಿಟ್ಟು ಸುಮ್ಮನಿರು ಅಂದೆ. ನನ್ನ ಮನೆಯಲ್ಲಿ, ನನ್ನ ತಾಯಿಯ ಮುಂದೆ! ಅದಕ್ಕೇ ಪಾತ್ರೆ ಕುಕ್ಕಿದೆ. ಅಮ್ಮನನ್ನೂ ನಿನ್ನನ್ನೂ ನಮ್ಮ ಭಾಷೆಯಲ್ಲೇ ಬಾಯಿಗೆ ಬಂದಂತೆ ಬೈದೆ. ರೆಕಾರ್ಡಿಂಗ್ ಕೆಟ್ಟಿತೆಂದು ನೀನು ಮುಖ ಊದಿಸಿಕೊಂಡು ಹೋದೆ. ನನಗೆ ಅವತ್ತು ಸೊಗಸಾದ ನಿದ್ದೆ.

ಭಾಷೆ ಉಳಿಯಬೇಕು, ಒಪ್ಪುತ್ತೇನೆ. ಅಮ್ಮನನ್ನು ಬಿಟ್ಟರೆ ಅದನ್ನು ತಡವರಿಸದೆ ಆಡುವವಳು ನಾನೊಬ್ಬಳೇ. ನೀನು ಹಾಸ್ಟೆಲಿನಲ್ಲಿ ಅರ್ಧ ಮರೆತು ಬಂದವಳು. ಆದರೂ ನಿನ್ನ ಕೇಂದ್ರದವರು ಒಂದು ದಿನವಾದರೂ ನನ್ನನ್ನು ಏನಾದರೂ ಕೇಳಿದರೇ?

ಇಂತಿ, ಸಿಟ್ಟು ಇಳಿಯದ
ನಿನ್ನ ಅಕ್ಕ

ತಾ.ಕ.: ಅಂಚೆ ಡಬ್ಬಿಯವರೆಗೆ ಹೋದವಳು ವಾಪಸು ಬಂದು ಕವರು ಬಿಚ್ಚಿದ್ದೇನೆ. ದಾರಿಯಲ್ಲಿ ನಿನ್ನ ಕೇಂದ್ರದ ಅಂಗಳದಲ್ಲಿ ಒಂದು ಪುಟ್ಟ ಹುಡುಗಿ ಸೊಂಟಕ್ಕೆ ಕೈಯಿಟ್ಟು ಗೆಳತಿಯನ್ನು ಬೈಯುತ್ತಿದ್ದಳು. ಚಾಕರಿ ನನಗೆ, ಮುದ್ದು ನಿನಗಾ ಅಂತ, ನಮ್ಮ ಭಾಷೆಯಲ್ಲಿ. ನನ್ನದೇ ಬೈಗುಳ! ನೀನು ಕೆಟ್ಟಿತೆಂದ ಆ ರೆಕಾರ್ಡಿಂಗನ್ನೇ ತರಗತಿಯಲ್ಲಿ ಕೇಳಿಸಿದ್ದರಂತೆ. ಅಮ್ಮನ ಹಾಡುಗಳನ್ನು ಮಕ್ಕಳು ಪಾಠದ ಹೊತ್ತಿಗೆ ಮಾತ್ರ ಹಾಡುತ್ತಾರಂತೆ; ಇದನ್ನು ಮಾತ್ರ ದಿನವಿಡೀ ಆಡುತ್ತಾರೆಂದು ಟೀಚರು ಹೇಳಿದರು. ಹುಡುಗಿಯ ಉಚ್ಚಾರ ಸರಿಯಿರಲಿಲ್ಲ, ಬೇಲಿಯ ಈಚೆಯಿಂದಲೇ ತಿದ್ದಿದೆ. ಮಕ್ಕಳೆಲ್ಲ ಬೇಲಿಗೆ ಜೋತುಬಿದ್ದು ಇನ್ನೊಂದು ಬೈಗುಳ ಕೇಳಿದರು.

ಭಾನುವಾರ ಮೈಕು ತಾ. ಅಮ್ಮನ ಸ್ನಾನ ನೀನು ಮಾಡಿಸು, ನಾನು ಕೂತು ಮಾತಾಡುತ್ತೇನೆ. ಪಾತ್ರೆ ಕುಕ್ಕಬೇಡ.